ಹೊರದೇಶದಲ್ಲಿ ಸಿನಿಮಾ: ಡಬ್ಬಿಂಗ್ ಅಂದ ತಕ್ಷಣ ಮೂಗು ಮುರಿಯಬೇಡಿ

ಹೊರದೇಶಕ್ಕೆ ಬಂದು ನೆಲೆಸಿದವರಲ್ಲಿ ಥಿಯೇಟರ್ ಕಡೆ ಹೋಗುವುದನ್ನೇ ಬಿಟ್ಟವರು ತುಂಬಾ ಜನ ಇದ್ದಾರೆ. ಯಾಕೆ ಅಂತ ಕೇಳಿದರೆ, ‘ಇಲ್ಲಿ ಎಲ್ಲಾ ಡಬ್ ಮಾಡಿ ಹಾಕ್ತಾರೆ ಮಾರಾಯ, ಯಾರು ನೋಡ್ತಾರೆ? ಮನೇಲೇ ಓಟಿಟಿ ಇದೆಯಲ್ಲ’ ಅನ್ನುತ್ತಾರೆ.

ನಾನು ಇರುವ ಜರ್ಮನಿಯಲ್ಲಂತೂ ಈ ಗೊಣಗಾಟ ಜಾಸ್ತಿ. ಹಾಲಿವುಡ್ ಸಿನಿಮಾ ಬಂದರೆ ಹೆಚ್ಚಿನ ಶೋಗಳು ಜರ್ಮನ್ ಭಾಷೆಯಲ್ಲೇ ಇರುತ್ತವೆ. ಮೂಲ ಭಾಷೆಯಲ್ಲೇ ಬೇಕು ಅಂದರೆ ‘ಓವಿ’ ಅಥವಾ ‘ಓಎಮ್‌ಯು’ ಅಂತ ಗುರುತು ಹಾಕಿರುವ ಶೋ ಹುಡುಕಬೇಕು. ಎರಡನೆಯದಕ್ಕೆ ಜರ್ಮನ್ ಸಬ್‌ಟೈಟಲ್ ಇರುತ್ತದೆ. ದೊಡ್ಡ ಊರುಗಳಲ್ಲಿ ಸಿಗುತ್ತವೆ. ಸಣ್ಣ ಊರಲ್ಲಿ ವಾರದ ಮಧ್ಯೆ ಯಾವುದೋ ಹೊತ್ತಲ್ಲಿ ಒಂದು ಶೋ ಸಿಕ್ಕರೆ ನಿಮ್ಮ ಪುಣ್ಯ.

ಆ ಶೋ ಹುಡುಕುವುದನ್ನು ಬಿಟ್ಟು ಡಬ್ ಆಗಿರುವುದಕ್ಕೇ ಹೋಗಿ ಅನ್ನುವುದು ನನ್ನ ವಾದ. ಕಲೆಗೆ ಅನ್ಯಾಯ ಅನ್ನುವವರು ಸ್ವಲ್ಪ ತಾಳಿ.

ಡಬ್ಬಿಂಗ್ ಅಂದರೆ ಯಾರೋ ಬೇಕಾಬಿಟ್ಟಿ ಮಾಡುವ ಕೆಲಸ ಅಂದುಕೊಂಡಿದ್ದೀರಾ? ಹಾಲಿವುಡ್ ನಟ ರಾಬರ್ಟ್ ಡಿ ನೀರೊಗೆ ಜರ್ಮನ್ ದನಿ ಕೊಟ್ಟಿರುವವರು ಕ್ರಿಸ್ಟಿಯಾನ್ ಬ್ರುಕ್ನರ್. ದಶಕಗಳಿಂದ ಅವರದೇ ದನಿ. ಇಲ್ಲಿಯ ಹಳೆಯ ಪ್ರೇಕ್ಷಕರಿಗೆ ಡಿ ನೀರೊ ಮಾತಾಡುವುದೇ ಹಾಗೆ. ಇಟಲಿಯ ಕಥೆ ಇನ್ನೂ ಮಜಾ. ಅಲ್ಲಿ ಫೆರುಚ್ಚೊ ಅಮೆಂಡೋಲ ಎಂಬವರು ಡಿ ನೀರೊ, ಅಲ್ ಪಚಿನೊ ಇಬ್ಬರಿಗೂ ದನಿಯಾಗಿದ್ದರು. ಆ ಇಬ್ಬರೂ ಎದುರುಬದುರು ಕೂತು ಮಾತಾಡುವ ಸಿನಿಮಾ ಬಂತು ನೋಡಿ, ಪೇಚಾಟ ಶುರುವಾಯಿತು. ಒಬ್ಬರೇ ಎರಡು ಕಡೆ ಮಾತಾಡೋಕಾಗುತ್ತಾ? ಕೊನೆಗೆ ಪಚಿನೊಗೆ ನಟ ಜಾನ್‌ಕಾರ್ಲೊ ಜನ್ನೀನಿ ದನಿ ಕೊಟ್ಟರು.

ಯಾವ ದೇಶ ಡಬ್ ಮಾಡುತ್ತದೆ, ಯಾವುದು ಸಬ್‌ಟೈಟಲ್ ಹಾಕುತ್ತದೆ ಅನ್ನುವುದು ಬರೀ ಜನರ ರುಚಿಯಿಂದ ಬಂದದ್ದಲ್ಲ. ಸ್ಪೇನ್‌ನಲ್ಲಿ 1941ರಲ್ಲಿ ಫ್ರಾಂಕೊ ಸರ್ಕಾರ ಡಬ್ಬಿಂಗ್ ಕಡ್ಡಾಯ ಮಾಡಿತು. ಪಕ್ಕದ ಪೋರ್ಚುಗಲ್‌ನಲ್ಲಿ 1948ರ ಕಾನೂನು ಡಬ್ಬಿಂಗನ್ನೇ ನಿಷೇಧಿಸಿತು. ಎರಡೂ ಕಡೆ ಸರ್ವಾಧಿಕಾರಿಗಳೇ, ಆದೇಶ ಮಾತ್ರ ತದ್ವಿರುದ್ಧ! ನೆದರ್‌ಲ್ಯಾಂಡ್ಸ್, ಸ್ವೀಡನ್, ಡೆನ್ಮಾರ್ಕ್‌ನಂಥ ಸಣ್ಣ ಭಾಷೆಗಳ ದೇಶಗಳಿಗೆ ಖರ್ಚಿನ ಲೆಕ್ಕಾಚಾರವೂ ಇತ್ತು. ಸಬ್‌ಟೈಟಲ್ ಅಗ್ಗ.

ಸಬ್‌ಟೈಟಲ್ ನನಗೂ ಇಷ್ಟವೇ. ಆದರೆ ಕಾಮಿಡಿಯಲ್ಲಿ ಅದರ ತೊಂದರೆ ಗಮನಿಸಿದ್ದೀರಾ? ನಗು ಎರಡು ಕಂತಿನಲ್ಲಿ ಬರುತ್ತದೆ. ಓದುವವರು ನಟ ಮಾತು ಮುಗಿಸುವ ಮೊದಲೇ ನಕ್ಕಿರುತ್ತಾರೆ. ಕೇಳಿ ನಗುವವರು ಆಮೇಲೆ ನಗುತ್ತಾರೆ. ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಒಂದೇ ಪರದೆ ಮೇಲೆ ಜರ್ಮನ್, ಫ್ರೆಂಚ್ ಎರಡೂ ಸಬ್‌ಟೈಟಲ್ ಹಾಕುವುದುಂಟು. ಅಲ್ಲಿ ಇನ್ನೆಷ್ಟು ಕಂತೋ!

ಡಬ್ ಆದ ಸಿನಿಮಾದಲ್ಲಿ ಇಡೀ ಹಾಲ್ ಒಟ್ಟಿಗೆ ನಗುತ್ತದೆ. ಮೊದಮೊದಲು ನೀವೊಬ್ಬರೇ ಸುಮ್ನೆ ಕೂತಿರುತ್ತೀರಿ. ಪೆಚ್ಚೆನಿಸುತ್ತದೆ, ಇಲ್ಲ ಅನ್ನಲ್ಲ. ಆದರೆ ಆ ಊರಿನ ಜನ ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಬಾಯಿ ಬಿಡಲ್ಲ, ಎಲ್ಲಿ ಮುಜುಗರ ಪಡುತ್ತಾರೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಜಾಗ ನನಗೆ ಸಿಕ್ಕಿಲ್ಲ. ಆಫೀಸಿನಲ್ಲಿ ಎಲ್ಲರೂ ನಿಮ್ಮ ಜೊತೆ ಇಂಗ್ಲಿಷ್‌ನಲ್ಲಿ, ಅಳೆದು ತೂಗಿ ಮಾತಾಡುತ್ತಾರೆ. ಕತ್ತಲಲ್ಲಿ ನಿಮ್ಮನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿರುವುದಿಲ್ಲ. ಅವರು ಅವರಾಗಿಯೇ ಇರುತ್ತಾರೆ.

ಇದೆಲ್ಲ ಮನೆಯ ಸೋಫಾದಲ್ಲಿ ಸಿಗಲ್ಲ. ಮನೆಯಲ್ಲಿ ಮಾತು ಅರ್ಥವಾಗದಿದ್ದರೆ ಒಂದು ಬಟನ್ ಒತ್ತಿ ಭಾಷೆ ಬದಲಾಯಿಸುತ್ತೇವೆ. ಥಿಯೇಟರಿನಲ್ಲಿ ಆ ಬಟನ್ ಇಲ್ಲ, ಅದಕ್ಕೇ ಕಿವಿ ಕೆಲಸ ಮಾಡುತ್ತದೆ.

ಎಲ್ಲಿಂದ ಶುರು ಮಾಡೋದು? ಮಕ್ಕಳ ಅನಿಮೇಷನ್ ಸಿನಿಮಾದಿಂದ. ಉಚ್ಚಾರ ಸ್ಪಷ್ಟ, ವಾಕ್ಯಗಳು ಚಿಕ್ಕವು. ಸಬ್‌ಟೈಟಲ್ ದೇಶಗಳಲ್ಲೂ ಇವು ಡಬ್ ಆಗಿಯೇ ಬರುತ್ತವೆ, ಓದಲು ಬಾರದ ಮಕ್ಕಳಿಗೆ ಬೇರೆ ದಾರಿ ಇಲ್ಲವಲ್ಲ. ನಿಮ್ಮದೇ ಮಕ್ಕಳಿದ್ದರೆ ಒಳ್ಳೆ ನೆಪ. ಇಲ್ಲದಿದ್ದರೂ ಸಂಕೋಚ ಬೇಡ, ಟಿಕೆಟ್ ಕೊಡುವವರು ಕಾರಣ ಕೇಳಲ್ಲ.

ಮಕ್ಕಳ ಜೊತೆ ಹೋಗುವಾಗ ವಯಸ್ಸಿನ ನಿಯಮ ಮಾತ್ರ ಮೊದಲೇ ನೋಡಿಕೊಳ್ಳಿ. ಜರ್ಮನಿಯಲ್ಲಿ 12 ಅಂತ ಗುರುತಿರುವ ಸಿನಿಮಾಕ್ಕೆ 6 ತುಂಬಿದ ಮಗು ಅಪ್ಪ ಅಥವಾ ಅಮ್ಮನ ಜೊತೆ ಬರಬಹುದು. 16 ಅಂತಿದ್ದರೆ ಅಪ್ಪ ಅಮ್ಮ ಇಬ್ಬರೂ ಬಂದು ಕೇಳಿದರೂ ಒಳಗೆ ಬಿಡಲ್ಲ. ಅಮೆರಿಕದಲ್ಲಿ ‘ಆರ್’ (ರಿಸ್ಟ್ರಿಕ್ಟೆಡ್, ಅಂದರೆ ನಿರ್ಬಂಧಿತ) ಅಂತ ಗುರುತಿರುವ ಸಿನಿಮಾಕ್ಕೂ ಮಗುವನ್ನು ದೊಡ್ಡವರ ಜೊತೆ ಬಿಡುತ್ತಾರೆ. ಅಲ್ಲಿ ಅಭ್ಯಾಸವಾದವರು ಇಲ್ಲಿ ಬಾಗಿಲಲ್ಲಿ ವಾದಕ್ಕೆ ನಿಲ್ಲುತ್ತಾರೆ. ಪ್ರಯೋಜನ ಇಲ್ಲ.

ಆಮೇಲೆ ಆಕ್ಷನ್ ಸಿನಿಮಾ ನೋಡಿ, ಅರ್ಧ ಕಥೆ ಕಣ್ಣಿಗೇ ತಿಳಿಯುತ್ತದೆ. ಹಾರರ್ ಕೂಡ ಸುಲಭ. ಹೆದರಿಕೊಳ್ಳಲು ವ್ಯಾಕರಣ ಬೇಕಾಗಿಲ್ಲ. ಕಾಮಿಡಿ ಕೊನೆಗೆ ಇಟ್ಟುಕೊಳ್ಳಿ, ಅದು ಎಲ್ಲಕ್ಕಿಂತ ಕಷ್ಟ. ಕೋರ್ಟ್ ಸಿನಿಮಾವಂತೂ ಸದ್ಯಕ್ಕೆ ಬೇಡವೇ ಬೇಡ. ಅದರಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ನಿಂತು ಮಾತಾಡುವುದು ಬಿಟ್ಟರೆ ಇನ್ನೇನೂ ನಡೆಯಲ್ಲ.