ಎರಡು ಕೊಳವೆ, ಮೂರು ಕೊಳವೆ, ಒಬ್ಬರು ಅತ್ತೆ

ಸೋಫಾ ಕೊಳ್ಳುವುದಕ್ಕೇ ನಾಲ್ಕು ತಿಂಗಳು ಜಗಳವಾಡಿದ ಸಂಸಾರ ನಮ್ಮದು. ಅಂಥವರು ನೀರಿನ ಮೇಲೆ ತೇಲುವ ಸೋಫಾ ಕೊಳ್ಳಲು ಹೊರಟೆವು. ಪಾಂಟೂನ್ ದೋಣಿ ಅಂದರೆ ಅಷ್ಟೇ ತಾನೆ? ಅಲ್ಯೂಮಿನಿಯಂ ಕೊಳವೆಗಳ ಮೇಲೊಂದು ಜಗಲಿ, ಸುತ್ತ ಕಟಕಟೆ, ತಲೆಯ ಮೇಲೆ ಮಡಚುವ ಚಪ್ಪರ, ಬೆನ್ನಿಗೊಂದು ಎಂಜಿನ್.

ಸೋಸಿ ಸೋಸಿ ಕೊನೆಗೆ ಎರಡು ಉಳಿದವು. ಒಂದು 20 ಅಡಿಯದು, ಎರಡು ಕೊಳವೆ, 60 ಎಚ್‌ಪಿ. ಇನ್ನೊಂದು 22 ಅಡಿ, ಮೂರು ಕೊಳವೆ, 115 ಎಚ್‌ಪಿ. ಮಗನದು ಮೂರರ ಪಕ್ಷ, ಅವನಿಗೆ ವೇಗ ಬೇಕು. ನನ್ನವಳದು ಎರಡರ ಪಕ್ಷ, ಅವಳಿಗೆ ದುಡ್ಡು ಉಳಿಯಬೇಕು. ಅತ್ತೆಗೆ ನೀರೇ ಆಗದು. ಆದರೂ "ನಾನಿಲ್ಲದಿದ್ದರೆ ಏನಾದರೂ ತಂದು ಕಟ್ಟುತ್ತೀರಿ" ಎಂದು ಲೈಫ್ ಜಾಕೆಟ್ ತೊಟ್ಟು ಎಲ್ಲರಿಗಿಂತ ಮೊದಲು ಹತ್ತಿ ಕೂತರು.

ಚುಕ್ಕಾಣಿಯ ಹತ್ತಿರ ಹತ್ತು ಜನ ಎಂದು ಬರೆದ ಫಲಕವಿತ್ತು. "ಯಾವ ಹತ್ತು ಜನ?" ಎಂದು ಕೇಳಿದ ಅತ್ತೆ ನನ್ನ ಹೊಟ್ಟೆಯ ಕಡೆ ನೋಡಿದರು. ಅವಮಾನವಾಯಿತು, ಆದರೆ ಪ್ರಶ್ನೆ ಸರಿಯಾಗಿತ್ತು. ಫಲಕದಲ್ಲಿ ತಲೆಲೆಕ್ಕದ ಜೊತೆಗೆ ತೂಕದ ಮಿತಿಯೂ ಇರುತ್ತದೆ, ಎರಡನ್ನೂ ಮೀರುವಂತಿಲ್ಲ.

ಮೊದಲು ಎರಡು ಕೊಳವೆಯದನ್ನು ಓಡಿಸಿದೆ. ಹತ್ತು ನಿಮಿಷ ರಾಜಠೀವಿ. ಅಷ್ಟರಲ್ಲಿ ಮಗಳು "ಆಮೆ!" ಎಂದು ಕಿರುಚಿದಳು. ಎಲ್ಲರೂ ದಡದಡನೆ ಮುಂದಕ್ಕೆ ಓಡಿದರು. ನಾನು, ಆಮೆ ನೋಡೋಣವೆಂದು, ಥ್ರಾಟಲನ್ನು ಒಮ್ಮೆಗೇ ಇಳಿಸಿದೆ. ಭಾರವೆಲ್ಲ ಮುಂದಿರುವಾಗ ವೇಗ ಇಳಿಸಿದರೆ ದೋಣಿ ಮೂತಿ ತಗ್ಗಿಸಿ ನೀರು ಕುಡಿಯುತ್ತದೆ ಎಂಬ ವಿಷಯ ನನಗೆ ಆ ಕ್ಷಣದಲ್ಲೇ ತಿಳಿದದ್ದು. ಮುಂಬಾಗಿಲ ಸಂದಿಯಿಂದ ನುಗ್ಗಿದ ಕೆರೆ ಜಗಲಿಯುದ್ದ ಹರಿದು, ಒಬ್ಬರೇ ಹಿಂದೆ ಕೂತಿದ್ದ ಅತ್ತೆಯ ಚಪ್ಪಲಿಯೊಂದನ್ನು ಎತ್ತಿಕೊಂಡು ಹೋಯಿತು. ಆಮೆ ಮುಳುಗಿ ತಪ್ಪಿಸಿಕೊಂಡಿತು. ಬುದ್ಧಿವಂತ ಪ್ರಾಣಿ.

ವಾಪಸು ಕಟ್ಟೆಗೆ ತರುವಾಗ ಗಾಳಿ ಎದ್ದಿತು. ಕಟಕಟೆಯ ಗೋಡೆ ಎತ್ತರ, ನೀರೊಳಗೆ ಇಳಿದಿರುವ ಭಾಗ ಕಡಿಮೆ. ಹಾಗಾಗಿ ಇಡೀ ದೋಣಿಯೇ ಹಾಯಿಪಟದ ಹಾಗೆ ಅಡ್ಡಡ್ಡ ಜಾರುತ್ತದೆ. ಮೂರನೇ ಪ್ರಯತ್ನಕ್ಕೆ ನಿಂತಿತು. ನಾನು ನಿಲ್ಲಿಸಿದ್ದಲ್ಲ, ಪಕ್ಕದ ಕಂಬ ನಿಲ್ಲಿಸಿದ್ದು.

ಮೂರು ಕೊಳವೆಯದು ನಿಜಕ್ಕೂ ಗಟ್ಟಿಗ. ಅಲೆಗೆ ಕುಲುಕಲಿಲ್ಲ, ತಿರುವಿನಲ್ಲಿ ಒಳಕ್ಕೆ ವಾಲಿ ಸಲೀಸಾಗಿ ತಿರುಗಿತು, ಎಲ್ಲರೂ ಮುಂದೆ ನಿಂತರೂ ಜಗಲಿ ಒಣಗಿಯೇ ಇತ್ತು. ಮಗ ಗೆದ್ದವನಂತೆ ನಿಂತಿದ್ದ. ಆಗ ನನ್ನವಳು, ದೋಣಿಯನ್ನು ಹಿಂದೆ ಕಟ್ಟಿಕೊಂಡು ಎಳೆಯಬೇಕಾದ ನಮ್ಮ ಕಾರಿನ ಕೈಪಿಡಿ ತೆಗೆದು, ಎಳೆಯಬಲ್ಲ ತೂಕವೆಷ್ಟು ಎಂಬ ಸಾಲನ್ನು ಗಟ್ಟಿಯಾಗಿ ಓದಿದಳು. ಟ್ರೇಲರ್, ಎಂಜಿನ್, ಇಂಧನ ಕೂಡಿಸಿದರೆ ದೊಡ್ಡ ದೋಣಿ ಮಿತಿ ದಾಟುತ್ತಿತ್ತು. ಅದಕ್ಕಾಗಿ ಇನ್ನೊಂದು ಕಾರು ಕೊಳ್ಳುವ ವಿಚಾರವನ್ನು ಮಗ ಎತ್ತಿದ. ಯಾರೂ ಉತ್ತರ ಕೊಡಲಿಲ್ಲ.

ಚಿಕ್ಕದೇ ಬಂತು. ಮುಂದೆ ಇಬ್ಬರಿಗಿಂತ ಹೆಚ್ಚು ಜನ ಸೇರದಂತೆ ಕಾಯುವ ಅಧಿಕಾರವನ್ನು ಅತ್ತೆ ತಾವೇ ವಹಿಸಿಕೊಂಡಿದ್ದಾರೆ, ಕೈಯಲ್ಲೊಂದು ಹುಟ್ಟು ಹಿಡಿದು. ಮಗಳಿಗೆ ಈಗಲೂ ಆಮೆ ಕಾಣುತ್ತದೆ. ಬಾಯಿ ತೆರೆಯುವ ಮೊದಲು ಅಜ್ಜಿಯ ಮುಖ ನೋಡುತ್ತಾಳೆ.