ಬೈಡನ್ ಕಾಲದಲ್ಲೂ ಮುನಿಸು ಇತ್ತಲ್ವಾ?

ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದವರು ಗೆದ್ದರೆ ಯುರೋಪಿಗೆ ನೆಮ್ಮದಿ ಎಂದು ಲೇಖನದಲ್ಲಿ ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. 2008ರ ಜುಲೈನಲ್ಲಿ ಒಬಾಮಾ ಇನ್ನೂ ಅಭ್ಯರ್ಥಿ ಅಷ್ಟೇ. ಆದರೂ ಬರ್ಲಿನ್‌ನ ವಿಜಯ ಸ್ತಂಭದ ಮುಂದೆ ಅವರ ಭಾಷಣ ಕೇಳಲು ಸುಮಾರು 2 ಲಕ್ಷ ಜನ ಸೇರಿದ್ದರು. ಮೊದಲು ಬ್ರಾಂಡೆನ್‌ಬರ್ಗ್ ಗೇಟ್ ಮುಂದೆ ಮಾತಾಡುವ ಯೋಚನೆ ಇತ್ತು, ಆದರೆ ಚುನಾವಣಾ ಪ್ರಚಾರಕ್ಕೆ ಆ ಜಾಗ ಬಳಸುವುದು ಆಗ ಜರ್ಮನಿಯ ಚಾನ್ಸಲರ್ ಆಗಿದ್ದ ಮರ್ಕೆಲ್ ಅವರಿಗೆ ಸರಿ ಕಾಣಲಿಲ್ಲ. ಐದು ವರ್ಷ ಕಳೆಯಿತು. ಅದೇ ಒಬಾಮಾ ಅಧಿಕಾರದಲ್ಲಿದ್ದಾಗ, ಅದೇ ಮರ್ಕೆಲ್ ಅವರ ಮೊಬೈಲನ್ನು ಅಮೆರಿಕ ಕದ್ದಾಲಿಸಿತ್ತು ಎಂಬ ಸುದ್ದಿ ಹೊರಬಿತ್ತು. ಆವತ್ತು ಸ್ತಂಭದ ಕೆಳಗೆ ನಿಂತು ಚಪ್ಪಾಳೆ ತಟ್ಟಿದವರಿಗೆ ಎಷ್ಟು ನೋವಾಗಿರಬೇಡ!

ಬೈಡನ್ ಬಂದ ಮೇಲೂ ಅಷ್ಟೇ. 2021ರಲ್ಲಿ ಆಸ್ಟ್ರೇಲಿಯಾ ಫ್ರಾನ್ಸಿನ ಜಲಾಂತರ್ಗಾಮಿ ಒಪ್ಪಂದ ಕೈಬಿಟ್ಟು ಅಮೆರಿಕ, ಬ್ರಿಟನ್ ಜೊತೆ ಸೇರಿಕೊಂಡಿತು. ಫ್ರಾನ್ಸಿಗೆ ಎಷ್ಟು ಸಿಟ್ಟು ಬಂತೆಂದರೆ ವಾಷಿಂಗ್ಟನ್‌ನಿಂದ ತನ್ನ ರಾಯಭಾರಿಯನ್ನೇ ವಾಪಸ್ ಕರೆಸಿಕೊಂಡಿತು.

ಇನ್ನೊಂದು ವಿಷಯ. 'ಯುರೋಪಿನವರು' ಎಂದು ಎಲ್ಲರನ್ನೂ ಸುಮ್ನೆ ಒಟ್ಟಿಗೆ ಸೇರಿಸಬೇಡಿ. ಹಂಗೇರಿಯ ಪ್ರಧಾನಿಯಾಗಿದ್ದಾಗ ಓರ್ಬಾನ್ ಬಹಿರಂಗವಾಗಿಯೇ ಟ್ರಂಪ್ ಗೆಲ್ಲಲಿ ಎಂದವರು. ಪೋಲೆಂಡಿನ ಲೆಕ್ಕ ಬೇರೆ. ರಷ್ಯಾ ಪಕ್ಕದಲ್ಲೇ ಇರುವಾಗ ಅವರಿಗೆ ಅಭ್ಯರ್ಥಿಯ ಪಕ್ಷಕ್ಕಿಂತ ಅಮೆರಿಕದ ಸೈನಿಕರು ತಮ್ಮ ನೆಲದಲ್ಲಿ ಇರುತ್ತಾರಾ ಎನ್ನುವ ಚಿಂತೆಯೇ ಜಾಸ್ತಿ. ರಕ್ಷಣೆಗೆ ಜಿಡಿಪಿಯ 2% ಖರ್ಚು ಮಾಡಬೇಕೆಂಬ ಗುರಿಗೆ ನೇಟೋ ಸೇನಾ ಕೂಟದ ದೇಶಗಳು 2014ರಲ್ಲಿ ಒಪ್ಪಿದ್ದು ಒಬಾಮಾ ಕಾಲದಲ್ಲೇ. ಪೋಲೆಂಡ್ 2024ರಲ್ಲೇ ಅದರ ಸುಮಾರು ಎರಡರಷ್ಟು ಖರ್ಚು ಮಾಡಿತ್ತು.