ಪಣಜಿ ಮೆರವಣಿಗೆ ಒಂದೇ ಸಾಲದು
ಗೋವಾ ಕಾರ್ನಿವಲ್‌ಗೆ ಶನಿವಾರದ ಪಣಜಿ ಮೆರವಣಿಗೆ ನೋಡಿದರೆ ಸಾಕು ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಮೆರವಣಿಗೆಯ ವೇಷಧಾರಿ ರಾಜ ಮೊಮೊ ‘ತಿನ್ನಿ, ಕುಡಿಯಿರಿ, ಮಜಾ ಮಾಡಿ’ ಎಂದು ಸಾರುವುದು ಚೆಂದವೇ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿದ್ದು ದಕ್ಷಿಣ ಗೋವಾದ ಸಾಲ್ಸೆಟ್ ಹಳ್ಳಿಗಳ ‘ಖೆಳ್’. ತಂಡದವರು ಊರಿಂದ ಊರಿಗೆ ಹೋಗಿ ಕೊಂಕಣಿ ನಾಟಕ ಆಡುತ್ತಾರೆ. ನಾವು ನೋಡಿದ್ದು ಒಂದು ಬಯಲಲ್ಲಿ. ತುತ್ತೂರಿ, ಡ್ರಮ್ಮಿನ ಸದ್ದು ಕೇಳಿದ್ದೇ ತಡ, ಅಜ್ಜಿಯರು ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಹೊತ್ತು ತಂದರು. ನಮಗೂ ಒಂದು ಕೊಟ್ಟರು! ಊರಿನ ರಸ್ತೆ, ರಾಜಕೀಯ ಎಲ್ಲವನ್ನೂ ಹಾಡಿನಲ್ಲೇ ಕಾಲೆಳೆಯುತ್ತಾರೆ. ಕಾರವಾರದ ಕಡೆಯವರಿಗಂತೂ ಭಾಷೆ ಜಾಸ್ತಿ ಕಷ್ಟವಾಗದು, ಅಲ್ವಾ? ಬೂದಿ ಬುಧವಾರದಿಂದ ಕ್ರೈಸ್ತರ ತಪಸ್ಸು ಕಾಲ ಶುರು, ಮಂಗಳವಾರಕ್ಕೇ ಕಾರ್ನಿವಲ್ ಮುಗಿಯುತ್ತದೆ. ಹಾಗಾಗಿ ಭಾನುವಾರ, ಸೋಮವಾರ ಹಳ್ಳಿಗಳಿಗೇ ಇಟ್ಟುಕೊಳ್ಳಿ.